ವಾಕಡದ ಅಡುಗೆಮನೆ, ನಾಲ್ಕು ವರ್ಷದ ನಂತರ: ಡಿಶ್‌ವಾಶರ್, ಘರಘಂಟಿ ಮತ್ತು ನಾಲ್ಕು ಇಂಚಿನ ತೂತು

2021ರ ದೀಪಾವಳಿಗೆ ನಾವು ಪುಣೆಯ ವಾಕಡದಲ್ಲಿ ಹೊಸ ಫ್ಲ್ಯಾಟಿಗೆ ಬಂದೆವು. ಎಂಟಡಿಗೆ ಒಂಬತ್ತೂವರೆ ಅಡಿಯ ಅಡುಗೆಮನೆ. ಅದಕ್ಕೆ ಹೊಂದಿಕೊಂಡು ನಾಲ್ಕಡಿ ಅಗಲದ ಜಾಗ. ಬೆಂಗಳೂರಿನವರು ಯುಟಿಲಿಟಿ ಅನ್ನುವುದನ್ನು ಪುಣೆಯವರು ಡ್ರೈ ಬಾಲ್ಕನಿ ಅನ್ನುತ್ತಾರೆ. ದಿನವಿಡೀ ಒದ್ದೆಯಾಗಿರುವ ಜಾಗಕ್ಕೆ ಆ ಹೆಸರು ಯಾರು ಇಟ್ಟರೋ. ಒಂದೇ ತಿಂಗಳಲ್ಲಿ ಫ್ರಿಜ್, ವಾಷಿಂಗ್ ಮಷೀನ್, ಡಿಶ್‌ವಾಶರ್, ಚಿಮಣಿ, ಗ್ಯಾಸ್ ಒಲೆ, ಘರಘಂಟಿ (ಮನೆಯಲ್ಲೇ ಹಿಟ್ಟು ಬೀಸುವ ಪುಟ್ಟ ಗಿರಣಿ) ಎಲ್ಲ ಕೊಂಡೆವು. ಹಳೆ ಮನೆಯಿಂದ ಬಂದದ್ದು ವೆಟ್ ಗ್ರೈಂಡರ್ ಒಂದೇ.

ಯಾವ ಕಂಪನಿ ತಗೊಂಡ್ರಿ ಅಂತ ಊರಿನ ಬಳಗದವರು ಈಗಲೂ ಫೋನ್ ಮಾಡಿ ಕೇಳುತ್ತಾರೆ. ನಾನು ಕಂಪನಿ ಹೆಸರು ಹೇಳುವುದಿಲ್ಲ, ಏಕೆಂದರೆ ಈ ನಾಲ್ಕು ವರ್ಷದಲ್ಲಿ ನನ್ನನ್ನು ಕಾಡಿದ್ದು ಕಂಪನಿಗಳಲ್ಲ. ಟ್ಯಾಂಕರ್ ನೀರು, ಇಳಿಜಾರಿನ ನೆಲ, ಒಂದೇ ಒಂದು ಪ್ಲಗ್ ಪಾಯಿಂಟು, ಬಿಲ್ಡರ್ ಗೋಡೆಯಲ್ಲಿ ಕೊರೆದಿದ್ದ ಸಣ್ಣ ತೂತು, ಇವು ಕಾಡಿದವು. ದೊಡ್ಡ ಶೋರೂಮ್ ಮೂರು ಸುತ್ತಿದ್ದೆವು, ಪುಣೆಯ ಎಲೆಕ್ಟ್ರಿಕ್ ಸಾಮಾನಿನ ಪೇಟೆ ತಾಪಕೀರ್ ಗಲ್ಲಿಯಲ್ಲೂ ಒಂದು ಮಧ್ಯಾಹ್ನ ಕಳೆದೆವು. ಸ್ಟಾರ್ ಎಷ್ಟು, ಲೀಟರ್ ಎಷ್ಟು, ಇನ್ವರ್ಟರ್ ಇದೆಯೋ ಇಲ್ಲವೋ ಎಂದು ಎಲ್ಲರೂ ಪಾಠ ಒಪ್ಪಿಸಿದರು. ನಿಮ್ಮ ಮನೆಗೆ ಬರುವ ನೀರು ಎಂಥದ್ದು ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ ಬಿಡಿ.

ಡಿಶ್‌ವಾಶರ್ ಆಸೆ ಹುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ, ಮನೆಗೆಲಸದ ಮಾವಶಿ ಬರಲಾಗದೆ ಸಿಂಕಿನ ಮುಂದೆ ನಿಂತು ನಿಂತು ಸೊಂಟ ಹಿಡಿದಾಗ. ಕೊಂಡದ್ದು 38,000ಕ್ಕೆ. ಆಗ ಅದರ ಮೇಲೆ ಜಿಎಸ್‌ಟಿ 28 ಪರ್ಸೆಂಟ್. 2025ರ ಸೆಪ್ಟೆಂಬರಿನಲ್ಲಿ 18ಕ್ಕೆ ಇಳಿಯಿತು. ನಮ್ಮ ಮನೆಯಲ್ಲಿ ಯಾವುದೇ ಸಾಮಾನಿನ ತೆರಿಗೆ ಇಳಿಯುವುದು ನಾವು ಕೊಂಡ ಮೇಲೆಯೇ.

ಡ್ರೈ ಬಾಲ್ಕನಿಯಲ್ಲಿ ಇಡುವುದೆಂದು ಲೆಕ್ಕ ಹಾಕಿದ್ದೆವು. ಡೆಲಿವರಿಯ ಹಿಂದಿನ ರಾತ್ರಿ ಯಾಕೋ ಅನುಮಾನ ಬಂದು ಹಳೆ ಪೇಪರನ್ನು ಅರವತ್ತು ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ ನೆಲಕ್ಕೆ ಹಾಸಿದೆ. ಬಾಗಿಲು ಮುಂದಕ್ಕೆ ಬೀಳುತ್ತದಲ್ಲ, ಅದಕ್ಕೆ ಇನ್ನೊಂದು ಅಷ್ಟೇ ದೊಡ್ಡ ತುಂಡು. ನಾಲ್ಕಡಿ ಅಲ್ಲಿಗೇ ಮುಗಿಯಿತು. ಪಾತ್ರೆ ಜೋಡಿಸುವವಳು ಎಲ್ಲಿ ನಿಲ್ಲಬೇಕು?

ಕೊನೆಗೆ ಅಡುಗೆಕಟ್ಟೆಯ ಕೆಳಗೆ, ಸಿಂಕಿನ ಪಕ್ಕಕ್ಕೆ ತಳ್ಳುವುದೆಂದಾಯಿತು. ಅಲ್ಲಿ ಗ್ರಾನೈಟ್ ಕೆಳಗಿನ ಎತ್ತರ 29 ಇಂಚು. ಮಷೀನು, ಮೇಲಿನ ಮುಚ್ಚಳ ಬಿಚ್ಚಿದರೂ, 32 ಇಂಚಿನ ಮೇಲೆ. ಪಾತ್ರೆ ಇಡುವ ಟ್ರಾಲಿ ಕೂರಲೆಂದು ಬಿಲ್ಡರ್ ಕಟ್ಟಿಸಿದ್ದ ಮೂರೂವರೆ ಇಂಚಿನ ಗಚ್ಚನ್ನು ಗೌಂಡಿ ಬಂದು ಉಳಿಯಿಂದ ಒಡೆದ ಮೇಲೆ, ಕಾಲಿಂಚು ಉಳಿಯುವಂತೆ ಒಳಗೆ ಹೋಯಿತು. ಮೂರು ದಿನ ಮನೆ ತುಂಬ ಧೂಳು. ಆ ಜಾಗಕ್ಕೆಂದೇ ಮಾಡಿಸಿದ್ದ ಟ್ರಾಲಿ ಈಗ ಅಟ್ಟದ ಮೇಲಿದೆ, ಅದರಲ್ಲಿ ಗೌರಿ-ಗಣಪತಿಯ ದೀಪದ ಸರ ಇಟ್ಟಿದ್ದೇವೆ.

ಇನ್ನು ತೊಳೆಯುವ ವಿಷಯ. ಮೊದಲ ವಾರವೇ ಹಿಂಡಾಲಿಯಂ ಕುಕ್ಕರನ್ನು ಒಳಗೆ ಹಾಕಿದೆ. ಹಾಕಬೇಡಿ ಅಂತ ಮಾವಶಿ ಹೇಳಿದ್ದರು, ಅವರು ಬೇರೆ ಮನೆಗಳಲ್ಲಿ ನೋಡಿದ್ದರಂತೆ. ನಾನು ಕೇಳಲಿಲ್ಲ. ಎರಡೂವರೆ ಗಂಟೆಯ ನಂತರ ಬಾಗಿಲು ತೆಗೆದರೆ ಕುಕ್ಕರ್ ಮಸಿ ಬಣ್ಣ, ಮುಟ್ಟಿದರೆ ಕೈಗೂ ಹತ್ತುತ್ತಿತ್ತು. ಆ ಡಿಟರ್ಜೆಂಟಿನ ಕ್ಷಾರ ಅಲ್ಯೂಮಿನಿಯಂ ಮೇಲಿನ ಪದರವನ್ನೇ ತಿನ್ನುತ್ತದೆ. ವಿಜಯಪುರದಿಂದ ಬಂದಿದ್ದ ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿ, “ಯವ್ವಾ, ತೊಳ್ಯಾಕ ಹಾಕಿದ್ಯೋ, ಸುಡಾಕ ಹಾಕಿದ್ಯೋ?” ಅಂದರು. ಹಿತ್ತಾಳೆ ತಂಬಿಗೆಯ ಹೊಳಪು ಹೋಯಿತು, ಕಟ್ಟಿಗೆಯ ಸೌಟು ಸೀಳಿತು, ರೊಟ್ಟಿ ಹಂಚಿಗೆ ತುಕ್ಕು. ಕುಕ್ಕರ್, ಹಂಚು, ಲಟ್ಟಣಿಗೆ, ಪೂಜೆಯ ಪಾತ್ರೆ ಇವತ್ತಿಗೂ ಕೈಯಲ್ಲೇ. ಸ್ಟೀಲು, ಗಾಜು, ಪಿಂಗಾಣಿ ಮಾತ್ರ ಒಳಗೆ. ಅವನ್ನು ಈ ಮಷೀನಿನಷ್ಟು ಚೆನ್ನಾಗಿ ಯಾರೂ ತೊಳೆಯುವುದಿಲ್ಲ. ಎಣ್ಣೆಗಾಯಿ ಮಾಡಿದ ಸ್ಟೀಲ್ ಬಾಣಲೆ ಎಪ್ಪತ್ತು ಡಿಗ್ರಿಯ ಪ್ರೋಗ್ರಾಮಿನಲ್ಲಿ ಹೊಸದರಂತೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಅರಿಶಿನ ಮಾತ್ರ ಹೋಗುವುದಿಲ್ಲ, ಅದರ ಆಸೆ ಬಿಡಿ.

ಪೆಟ್ಟಿಗೆಯ ಮೇಲೆ 13 ಪ್ಲೇಸ್ ಸೆಟ್ಟಿಂಗ್ ಎಂದು ಬರೆದಿರುತ್ತದೆ. ಅದು ಚಪ್ಪಟೆ ತಟ್ಟೆಯವರ ಲೆಕ್ಕ. ನಮ್ಮ ಬೋಗುಣಿ, ಹಿಟ್ಟಿನ ಪರಾತ, ಸಾರಿನ ಪಾತ್ರೆ ಸೇರಿದರೆ ನಾಲ್ಕು ಜನರ ಎರಡು ಹೊತ್ತಿನ ಪಾತ್ರೆಗೆ ತುಂಬಿಹೋಗುತ್ತದೆ. ರಾತ್ರಿ ಒಂದು ಸಲ ಹಾಕುತ್ತೇನೆ. ದೊಡ್ಡ ಪ್ರೋಗ್ರಾಮಿಗೆ ಒಂದೂಕಾಲು ಯೂನಿಟ್ ಕರೆಂಟು ತಿನ್ನುತ್ತದೆ, ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದ್ದೇನೆ. ಒಂದು ಸಲ ನೀರು ಹೊರಗೆ ಹೋಗದೆ ನಿಂತುಬಿಟ್ಟಿತ್ತು. ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಪಂಪಿನ ರೆಕ್ಕೆಗೆ ಹುಣಸೆ ಬೀಜ ಸಿಕ್ಕಿತ್ತು. ನಾಲ್ಕು ವರ್ಷದಲ್ಲಿ ಅದರ ರಿಪೇರಿ ಅಂದರೆ ಅಷ್ಟೇ.

ಆದರೆ ನೀರು. ವಾಕಡ ಸೇರುವ ಪಿಂಪರಿ-ಚಿಂಚವಡಕ್ಕೆ ಪವನಾ ಅಣೆಕಟ್ಟಿನ ನೀರು, 2019ರ ಕೊನೆಯಿಂದ ದಿನ ಬಿಟ್ಟು ದಿನ. ಆ ನೀರು ಮೆದು, ಸಾಬೂನು ಚೆನ್ನಾಗಿ ನೊರೆ ಬಿಡುತ್ತದೆ. ಮಾರ್ಚ್ ಬಂತೆಂದರೆ ನಮ್ಮ ಸೊಸೈಟಿಗೆ ಟ್ಯಾಂಕರ್ ಸಾಲುಗಟ್ಟುತ್ತವೆ. ಅದು ಕಪ್ಪುಕಲ್ಲಿನ ನೆಲದ ಬೋರ್ ನೀರು, ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ಬಂದ ಗಡಸು ನೀರು. ಡಿಶ್‌ವಾಶರಿನ ತಳದಲ್ಲಿ ಒಂದು ರಾಳದ ಡಬ್ಬಿ ಇರುತ್ತದೆ; ಗಡಸನ್ನು ಹೀರಿಕೊಳ್ಳುವುದು ಅದು. ಆ ರಾಳವನ್ನು ಮತ್ತೆ ಮತ್ತೆ ತೊಳೆದು ಚುರುಕುಗೊಳಿಸುವುದಕ್ಕೆ ಬೇರೆ ಉಪ್ಪು ಹಾಕಬೇಕು. ಅಂಗಡಿಯವನು ‘ಬೇಕಿದ್ದರೆ ಹಾಕಿ’ ಅಂದಿದ್ದ. 2023ರ ಬೇಸಿಗೆಯಲ್ಲಿ ಉಪ್ಪು ಮುಗಿದದ್ದನ್ನು ಎರಡು ತಿಂಗಳು ಹಾಗೇ ಬಿಟ್ಟೆ. ಗಾಜಿನ ಲೋಟಗಳೆಲ್ಲ ವಿಭೂತಿ ಬಳಿದುಕೊಂಡು ನಿಂತವು. ಅಡುಗೆಯ ಅಯೋಡಿನ್ ಉಪ್ಪು ಹಾಕಲು ಹೋಗಬೇಡಿ, ಅದರಲ್ಲಿ ಬೆರೆಸಿರುವ ಬೇರೆ ಪುಡಿಗಳು ಕೆಲಸ ಕೆಡಿಸುತ್ತವೆ. ಗಡಸುತನದ ಸೆಟ್ಟಿಂಗ್ ಅಂತ ಮೆನುವಿನಲ್ಲಿ ಒಂದಿದೆ. ನಮ್ಮದು ಕಾರ್ಖಾನೆಯಿಂದ ಬಂದಾಗಿನ ನಂಬರಿನಲ್ಲೇ ಕೂತಿತ್ತು, ಎರಡು ಮೆಟ್ಟಿಲು ಏರಿಸಿದ ಮೇಲೆ ಲೋಟ ತಿಳಿಯಾಯಿತು.

ಒಂದು ಮಾತು: ಆರ್‌ಒ ನೀರಿನ ಫಿಲ್ಟರ್ ಮಾರುವವರು ಜೇಬಿನಿಂದ ತೆಗೆದು ತೋರಿಸುವ ಟಿಡಿಎಸ್ ಮೀಟರ್ ಗಡಸುತನ ಅಳೆಯುವುದಿಲ್ಲ, ನೀರಿನಲ್ಲಿ ಕರಗಿರುವ ಎಲ್ಲವನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಗಡಸುತನಕ್ಕೆ ಬಣ್ಣ ಬದಲಾಗುವ ಬೇರೆ ಪಟ್ಟಿ ಸಿಗುತ್ತದೆ. ಮಷೀನು ಕೊಳ್ಳುವ ಮೊದಲು ಒಂದು ಸಲ ಮೇ ತಿಂಗಳಲ್ಲಿ, ಒಂದು ಸಲ ಆಗಸ್ಟಿನಲ್ಲಿ ಅದ್ದಿ ನೋಡಿ.

ವಾಷಿಂಗ್ ಮಷೀನು ಫ್ರಂಟ್ ಲೋಡ್, ಏಳು ಕೆಜಿ, ಡ್ರೈ ಬಾಲ್ಕನಿಯಲ್ಲಿ. ಅಲ್ಲಿಯ ನೆಲ ನೀರು ಹೋಗುವ ನಹಾಣಿ ಟ್ರ್ಯಾಪಿನ ಕಡೆಗೆ ಇಳಿಜಾರು, ಇರಲೇಬೇಕಲ್ಲ. ಹಿಂಡುವಾಗ ಮಷೀನು ಕುಣಿಯುತ್ತ ಕುಣಿಯುತ್ತ ಬಾಗಿಲವರೆಗೆ ಬರುತ್ತಿತ್ತು. ಸ್ಟ್ಯಾಂಡ್ ಕೊಂಡದ್ದು ಇನ್ನೂ ತಪ್ಪಾಯಿತು, ಎತ್ತರವಾದಷ್ಟೂ ಕುಣಿತ ಜಾಸ್ತಿ. ಗೌಂಡಿಯಿಂದ ಅಷ್ಟು ಜಾಗಕ್ಕೆ ಮಟ್ಟಸವಾದ ಸಿಮೆಂಟ್ ಕಟ್ಟೆ ಹಾಕಿಸಿ, ರಸಮಟ್ಟ ಇಟ್ಟು ಕಾಲು ತಿರುಗಿಸಿದ ಮೇಲೆ ನಿಂತಿತು. ಎರಡೂವರೆ ವರ್ಷಕ್ಕೆ ಬಿಸಿ ನೀರು ಬರುವುದು ನಿಂತಾಗ ಮೆಕ್ಯಾನಿಕ್ ಹೀಟರ್ ಎಳೆದು ಪೇಪರ್ ಮೇಲೆ ಇಟ್ಟ. ಕೋಲಿನ ಸುತ್ತ ಬೆರಳು ದಪ್ಪದ ಬಿಳಿ ಪದರ. ಸ್ಕ್ರೂಡ್ರೈವರಿನಿಂದ ತಟ್ಟಿದರೆ ತತ್ತಿ ಸಿಪ್ಪೆಯ ಹಾಗೆ ಚಕ್ಕೆ ಚಕ್ಕೆ ಉದುರಿತು. ನಲ್ಲಿಗೆ ಹಾಕುವ ಸ್ಕೇಲ್ ಫಿಲ್ಟರ್ ನಮ್ಮಲ್ಲೂ ಇತ್ತು. ಒಳಗಿನ ಗುಂಡುಗಳು ಪದರ ಕಟ್ಟುವುದನ್ನು ನಿಧಾನ ಮಾಡುತ್ತವೆಯೇ ಹೊರತು ನೀರನ್ನು ಮೆದು ಮಾಡುವುದಿಲ್ಲ, ಮೇಲಾಗಿ ಗುಂಡು ಕರಗಿ ಮುಗಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಈಗ ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ನೂರು ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಬಿಸಿನೀರಿನಲ್ಲಿ ಓಡಿಸುತ್ತೇನೆ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಲಿಂಬೂಸತ್ವ ಅಂತ ಕೇಳಿದರೆ ಕೊಡುತ್ತಾರೆ.

ಪ್ಲಗ್ಗಿನ ಕಥೆ ನನ್ನದೇ ತಪ್ಪು. ಡ್ರೈ ಬಾಲ್ಕನಿಗೆ ಇದ್ದದ್ದು ಒಂದೇ 16 ಆಂಪಿಯರ್ ಪಾಯಿಂಟ್. ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ವಾಷಿಂಗ್ ಮಷೀನಿಗೂ ಘರಘಂಟಿಗೂ ಸೇರಿಸಿಕೊಟ್ಟೆ. ಒಂದು ಭಾನುವಾರ ಎರಡೂ ಓಡುತ್ತಿದ್ದವು. ಹೀಟರೇ ಎರಡು ಸಾವಿರ ವ್ಯಾಟ್, ಘರಘಂಟಿಯ ಒಂದು ಎಚ್‌ಪಿ ಮೋಟಾರ್ ಏಳುನೂರೈವತ್ತರ ಸುಮಾರು. ಸುಟ್ಟ ವಾಸನೆ ಬಂತು, ಪ್ಲಗ್ ಕೀಳಲು ಹೋದರೆ ಮೆತ್ತಗಾಗಿತ್ತು. ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಬೋರ್ಡಿನಿಂದ ಬೇರೆ ವೈರ್, ಬೇರೆ ಎಂಸಿಬಿ ಹಾಕಿಸಿದೆ. ಟೈಲ್ಸ್ ಹಾಕುವ ಮೊದಲೇ ಮಾಡಿಸಿದ್ದರೆ ಗೋಡೆಯ ಮೇಲೆ ಈ ಪಟ್ಟಿ ಓಡುತ್ತಿರಲಿಲ್ಲ.

ಚಿಮಣಿ ನಮ್ಮ ಮನೆಯ ಅತಿ ದಂಡದ ಖರೀದಿ. ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುವ ಸಕ್ಷನ್ ಅಂದರು, ಕೊಂಡೆವು. ಅದರ ಬಾಯಿ ಆರು ಇಂಚು. ಬಿಲ್ಡರ್ ಗೋಡೆಯಲ್ಲಿ ಬಿಟ್ಟಿದ್ದ ತೂತು ನಾಲ್ಕು ಇಂಚು. ಹಾಕಲು ಬಂದ ಹುಡುಗ ಮಾತಾಡದೆ ರಿಡ್ಯೂಸರ್ ತುರುಕಿ, ಮೂರು ಕಡೆ ಪೈಪ್ ಬಗ್ಗಿಸಿ ಸಹಿ ಹಾಕಿಸಿಕೊಂಡು ಹೋದ. ಬಾಯಿ ಎರಡು ಇಂಚು ಕಡಿಮೆ ಅಂದರೆ ಹೊಗೆ ಹೋಗುವ ದಾರಿ ಅರ್ಧಕ್ಕೂ ಕಡಿಮೆ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಹಾಲ್‌ನಲ್ಲಿ ಕೂತವರು ಕೆಮ್ಮುತ್ತಾರೆ, ಮೇಲೆ ಚಿಮಣಿಯ ಅಬ್ಬರಕ್ಕೆ ಕುಕ್ಕರ್ ಸೀಟಿ ಕೇಳುವುದಿಲ್ಲ. ಆಟೋ ಕ್ಲೀನ್ ಬಟನ್ ಒತ್ತಿದರೆ ಕರಗಿದ ಜಿಡ್ಡು ಬಟ್ಟಲಿಗೆ ಇಳಿಯುತ್ತದೆ ನಿಜ, ಆದರೆ ಫ್ಯಾನಿಗೆ ಮೆತ್ತಿದ್ದು ಮೆತ್ತಿದ್ದೇ, ವರ್ಷಕ್ಕೊಮ್ಮೆ ಬಿಚ್ಚಿಸಲೇಬೇಕು. ತೂತು ದೊಡ್ಡದು ಮಾಡಲು ಸೊಸೈಟಿಯ ಒಪ್ಪಿಗೆ ಬೇಕು, ಅರ್ಜಿ ಕೊಟ್ಟು ಒಂದೂವರೆ ವರ್ಷವಾಯಿತು.

ಒಲೆ ಬಗ್ಗೆ ಹೆಚ್ಚಿಲ್ಲ. ನಮ್ಮಲ್ಲಿ ಪೈಪ್ ಗ್ಯಾಸ್. ಸಿಲಿಂಡರಿಗಿಂತ ಅದರ ಒತ್ತಡ ಕಡಿಮೆ, ಆದ್ದರಿಂದ ಒಲೆಯ ಜೆಟ್ ಬದಲಿಸಲೇಬೇಕು, ಇಲ್ಲದಿದ್ದರೆ ಹಂಚು ಕಾಯುವುದೇ ಇಲ್ಲ. ಗ್ರಾನೈಟ್ ಕೊರೆದು ಕೂರಿಸುವ ಹಾಬ್ ಬೇಡವೆಂದೆ. ರೊಟ್ಟಿ ಬಡಿದ ಹಿಟ್ಟು ಬರ್ನರಿಗೆ ಬೀಳುವ ಮನೆಗೆ ಎತ್ತಿ ಒರೆಸಬಹುದಾದ ಒಲೆಯೇ ಸರಿ.

ಫ್ರಿಜ್ಜಿಗೂ ಅಷ್ಟೇ. ಪುಣೆ ಬಳಿಯ ನಗರ್ ರೋಡಿನ ರಾಂಜಣಗಾಂವಿನಲ್ಲಿ ಎಲ್‌ಜಿ, ಹೈಯರ್, ವರ್ಲ್‌ಪೂಲ್ ಮೂರರದ್ದೂ ಕಾರ್ಖಾನೆಗಳಿವೆ, ಅಕ್ಕಪಕ್ಕದ ಸೋದರರನ್ನು ಹೋಲಿಸುತ್ತ ಎರಡು ವಾರ ಹಾಳು ಮಾಡಿದೆವು. ಲೇಬಲ್ ಮೇಲೆ ನಕ್ಷತ್ರ ಎಣಿಸುವ ಬದಲು ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಸಾಲನ್ನೂ, ಆ ಲೇಬಲ್ ಯಾವ ಅವಧಿಯದ್ದು ಎಂಬುದನ್ನೂ ಓದಿ. ನಕ್ಷತ್ರದ ಅಳತೆಗೋಲು ಆಗಾಗ ಬಿಗಿಯಾಗುತ್ತದೆ.

ಇಷ್ಟರಲ್ಲಿ ಮತ್ತೊಮ್ಮೆ ಕೊಳ್ಳು ಅಂದರೆ ಕಣ್ಣು ಮುಚ್ಚಿ ಕೊಳ್ಳುವುದು ಘರಘಂಟಿಯನ್ನು. ಮಹಾರಾಷ್ಟ್ರದಲ್ಲಿ ಇದು ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಕಲ್ಲಿಲ್ಲ, ಸ್ಟೀಲಿನ ಕೋಣೆಯಲ್ಲಿ ತಿರುಗುವ ಬ್ಲೇಡು ಕಾಳನ್ನು ಹೊಡೆದು ಪುಡಿ ಮಾಡುತ್ತದೆ, ಹೊರಗಿನ ಜಾಳಿಯ ತೂತು ಎಷ್ಟೋ ಹಿಟ್ಟು ಅಷ್ಟು ನುಣ್ಣಗೆ. ಗೋದಿಗೆ ಒಂದು, ಜೋಳಕ್ಕೆ ಒಂದು, ರವೆಗೆ ಒಂದು ಜಾಳಿ ಇಟ್ಟುಕೊಂಡಿದ್ದೇನೆ. ಪ್ಯಾಕೆಟ್ ಹಿಟ್ಟಿನಲ್ಲಿ ರೊಟ್ಟಿ ಬಡಿದವರಿಗೆ ಗೊತ್ತು, ಅಂಚೆಲ್ಲ ಬಿರುಕು. ಜೋಳದಲ್ಲಿ ಗೋದಿಯಂಥ ಅಂಟಿಲ್ಲ, ಕುದಿವ ಎಸರು ಹಾಕಿ ನಾದಿದಾಗ ಬರುವ ಜಿಗಿಯೇ ಎಲ್ಲ, ಹಿಟ್ಟು ಹಳತಾದಷ್ಟೂ ಆ ಜಿಗಿ ಹೋಗುತ್ತದೆ. ಹದಿನೈದು ವರ್ಷ ಪುಣೆಯಲ್ಲಿ ‘ನನಗೆ ರೊಟ್ಟಿ ಬರೂದಿಲ್ರೀ’ ಎಂದುಕೊಂಡೇ ಇದ್ದವಳು ನಾನು. ತಪ್ಪು ಹಿಟ್ಟಿನದಾಗಿತ್ತು. ಮಂಗಳವೇಢೆಯ ಮಾಲದಂಡಿ ಜೋಳ ಇಲ್ಲಿ ಸುಲಭವಾಗಿ ಸಿಗುತ್ತದೆ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಮಂಗಳವೇಢೆಯೇ ಅದು. ಅತ್ತೆ ಮೊದಲ ರೊಟ್ಟಿ ಮುರಿದು, ಉಬ್ಬಿದ ಪದರ ಎತ್ತಿ ನೋಡಿ, ಏನೂ ಹೇಳದೆ ಇನ್ನೊಂದು ಹಾಕಿಸಿಕೊಂಡರು.

ಕಿರಿಕಿರಿ ಇದೆ. ಬೀಸಿದ ಮೇಲೆ ಒಳಗೆ ಒಂದು ಹಿಡಿ ಹಿಟ್ಟು ಉಳಿಯುತ್ತದೆ, ಬ್ರಷ್ ಹಾಕಿ ತೆಗೆಯದಿದ್ದರೆ ಮಳೆಗಾಲದಲ್ಲಿ ನುಸಿ. ಕಾಳು ತಂಪು ಹಿಡಿದಿದ್ದರೆ ಜಾಳಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ಜುಲೈ ಬಂದರೆ ಜೋಳವನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ ಹಾಕುತ್ತೇನೆ. ಸದ್ದು ಮಿಕ್ಸಿಯಷ್ಟೇ, ಆದರೆ ಮಿಕ್ಸಿ ಎರಡು ನಿಮಿಷ, ಇದು ಅರ್ಧ ಗಂಟೆ. ಕೆಳಗಿನ ಮನೆಯ ಆಜೋಬಾ (ಅಜ್ಜ) ಒಮ್ಮೆ ಮಧ್ಯಾಹ್ನ ಎರಡಕ್ಕೆ ಬೆಲ್ ಒತ್ತಿದರು. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಯಾರ ನಿದ್ದೆಯನ್ನೂ ಕೆಡಿಸಬಾರದು ಎನ್ನುವುದು ಹೊರಗಿನಿಂದ ಬಂದವರೆಲ್ಲ ಒಂದು ದಿನ ಕಲಿಯುವ ಪಾಠ. ಕಾಲಿಗೆ ರಬ್ಬರ್ ಹಾಕಿಸಿದೆ, ಬೀಸುವುದನ್ನು ಶನಿವಾರ ಬೆಳಿಗ್ಗೆ ಹತ್ತೂವರೆಗೆ ಬದಲಿಸಿದೆ. ಈಗ ಅವರ ಮನೆಯ ಎರಡು ಕಿಲೋ ಜೋಳವೂ ಸ್ಟೀಲ್ ಡಬ್ಬಿಯಲ್ಲಿ ಹತ್ತು ಗಂಟೆಗೇ ಮೇಲೆ ಬಂದು ಕೂತಿರುತ್ತದೆ.