ಡಿಡಿರೆಸ್ಕ್ಯೂ: ಬ್ಯಾಡ್ ಸೆಕ್ಟರ್ ಬಿದ್ದ ಡಿಸ್ಕುಗಳ ಜೊತೆ ಐದು ವರ್ಷ

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪ ಇಂಚು, ಸೆಂಟಿನಲ್ಲಿ ಬರೆದಿಟ್ಟ ಮಳೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೆ. ಮೂಲ ಪುಸ್ತಕಗಳಲ್ಲಿ ಮೂರು ಆಮೇಲೆ ಗೆದ್ದಲಿಗೆ ಹೋದವು. ಅವುಗಳ ಮಟ್ಟಿಗೆ ಉಳಿದಿದ್ದು ಡಿಸ್ಕಿನಲ್ಲಿದ್ದ ಪ್ರತಿ ಒಂದೇ.

2020ರ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬಂದು ಮಾಡುತ್ತಿತ್ತು. ಒಂದು ದಿನ ಫೋಲ್ಡರ್ ತೆರೆದರೆ ಕಂಪ್ಯೂಟರ್ ಅಲ್ಲೇ ನಿಂತುಬಿಟ್ಟಿತು. ಪೇಟೆಯ ಅಂಗಡಿಯವರು "ರಿಪೇರಿ ಮಾಡ್ಕೊಡ್ತೀನಿ ಬಿಡಿ ಸಾರ್" ಎಂದು ರಾತ್ರಿಯಿಡೀ ವಿಂಡೋಸಿನ ರಿಪೇರಿ ಪ್ರೋಗ್ರಾಂ ಚೆಕ್‌ಡಿಸ್ಕ್ ಓಡಿಸಿದರು. ಬೆಳಿಗ್ಗೆ ನೋಡಿದರೆ ಎಷ್ಟೋ ಫೈಲುಗಳು ಹೆಸರು ಕಳೆದುಕೊಂಡು ತುಂಡುತುಂಡಾಗಿ ಬಿದ್ದಿದ್ದವು. ಆ ಸಿಟ್ಟು ನನಗಿನ್ನೂ ಹೋಗಿಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ನಕಲು ತೆಗೆಯದೆ ಯಾವ ರಿಪೇರಿಗೂ ಕೈ ಹಾಕಬಾರದು.

ಹಾಸನದಲ್ಲಿ ಓದುತ್ತಿದ್ದ ಅಕ್ಕನ ಮಗ ಫೋನಿನಲ್ಲೇ, "ಮಾವ, ಮೊದಲು ಅದನ್ನ ಆಫ್ ಮಾಡಿ" ಎಂದ. ಶನಿವಾರ ಬಂದು ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿ, ಕೆಡುತ್ತಿರುವ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ತೋರಿಸಿದ. ಅದು ಓದಲಾಗದ ಕೆಟ್ಟ ಜಾಗಕ್ಕೆ, ಅಂದರೆ ಬ್ಯಾಡ್ ಸೆಕ್ಟರಿಗೆ, ಬಂದರೆ ಅಲ್ಲೇ ಜಗ್ಗಾಡುತ್ತಾ ಕೂರುವುದಿಲ್ಲ. ದಾಟಿಕೊಂಡು ಹೋಗಿ ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ಇಳಿಸಿ, ಆಮೇಲೆ ಹಿಂದಿರುಗಿ ಬಿಟ್ಟ ಜಾಗಗಳನ್ನು ಕೆದಕುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮ್ಯಾಪ್‌ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯಬಹುದು. ನಮ್ಮ ಕಡೆಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ. ಬಹುಪಾಲು ಒಂದೇ ದಿನದಲ್ಲಿ ಬಂತು, ಉಳಿದ ಚೂರುಪಾರಿಗೆ ಎರಡು ರಾತ್ರಿ ಹಿಡಿಯಿತು.

ಫಿಲ್ ಮೋಡ್ ಎಂಬ ಸೌಲಭ್ಯ ಇದರಲ್ಲಿದೆ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಓದಲಾಗದ ಜಾಗಗಳಲ್ಲೆಲ್ಲ ನಕಲಿನೊಳಗೆ ಒಂದು ಗುರುತಿನ ಪದ ತುಂಬುತ್ತದೆ. ಆ ಪದ ಹುಡುಕಿದರೆ ಯಾವ ಫೈಲಿಗೆ ಪೆಟ್ಟು ಬಿದ್ದಿದೆ ಎಂದು ತಿಳಿಯುತ್ತದೆ. ಹಾಗೆ ಹುಡುಕಿದಾಗ ಮಳೆ ಪುಸ್ತಕದ ಎರಡು ಪುಟ, ಒಂದು ಮದುವೆ ಫೋಟೊ ಹಾಳಾಗಿದ್ದು ಗೊತ್ತಾಯಿತು.

ತೊಂದರೆಗಳೂ ಇವೆ. ಕಿಟಕಿ, ಬಟನ್ ಏನೂ ಇಲ್ಲ, ಕಮಾಂಡ್ ಟೈಪ್ ಮಾಡಬೇಕು. ಹಳೆ ಡಿಸ್ಕು, ಹೊಸ ಡಿಸ್ಕಿನ ಹೆಸರು ಅದಲುಬದಲಾದರೆ ಉಳಿದಿದ್ದೂ ಅಳಿಸಿಹೋಗುತ್ತದೆ. ನಾನು ಎಂಟರ್ ಒತ್ತುವ ಮೊದಲು ಸೀರಿಯಲ್ ನಂಬರನ್ನು ಎರಡು ಸಲ ತಾಳೆ ನೋಡುತ್ತೇನೆ. ಕಟಕಟ ಸದ್ದು ಬರುವ ಡಿಸ್ಕಿಗೆ ಇದು ಮದ್ದಲ್ಲ.

ಅಲ್ಲಿಂದೀಚೆಗೆ ಅಕ್ಕಪಕ್ಕದ ತೋಟದವರದೂ ಸೇರಿ ನಾಲ್ಕು ಡಿಸ್ಕಿಗೆ ಬಳಸಿದ್ದೇನೆ. ಜೊತೆಗೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವಾದ ಸ್ಮಾರ್ಟ್ ವರದಿ ಓದುವುದನ್ನೂ ಕಲಿತೆ. ಅದರಲ್ಲಿ ಪ್ರತಿ ಸಾಲಿಗೂ ಒಂದು ನಂಬರ್: 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು, 5 ಎಂದರೆ ಬದಲಿ ಜಾಗಕ್ಕೆ ಸಾಗಿಸಿದವು. ಪಕ್ಕದವರ ಡಿಸ್ಕಿನಲ್ಲಿ 197ರ ಎದುರು 8 ಇತ್ತು. 4096 ಬೈಟಿನ ಒಂದು ಸೆಕ್ಟರ್ ಕೆಟ್ಟರೆ 512 ಬೈಟಿನ ಸೆಕ್ಟರುಗಳ ಲೆಕ್ಕದಲ್ಲಿ ಎಂಟಾಗುತ್ತದೆ. ಬರೆಯುವಾಗಲೇ ಕರೆಂಟ್ ಹೋದರೆ ಡಿಸ್ಕಿನೊಳಗಿನ ತಟ್ಟೆಗೆ ಏನೂ ಆಗದಿದ್ದರೂ ಹೀಗಾಗಬಹುದು. ನಕಲು ತೆಗೆದು ಡಿಸ್ಕಿನ ತುಂಬ ಸೊನ್ನೆ ಬರೆಸಿದೆ. 197 ಸೊನ್ನೆಯಾಯಿತು, 5 ಏರಲೇ ಇಲ್ಲ. ಅದು ಇಂದಿಗೂ ಓಡುತ್ತಿದೆ. ನನ್ನದಕ್ಕೂ ಹಾಗೇ ಮಾಡಿದೆ, ಆದರೆ 5ರ ಎಣಿಕೆ ವಾರವಾರಕ್ಕೂ ಏರಿತು. ಬಿಚ್ಚಿಟ್ಟೆ.

ಈಗ ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಎಲ್ಲ ಡಿಸ್ಕಿಗೂ, ಇಡೀ ಡಿಸ್ಕನ್ನು ಓದಿ ನೋಡುವ ಲಾಂಗ್ ಟೆಸ್ಟ್ ಹಾಕುತ್ತೇನೆ. ಯುಪಿಎಸ್ ಬ್ಯಾಟರಿಯನ್ನೂ ಆಗಲೇ ನೋಡುತ್ತೇನೆ. ಮಳೆ ಪುಸ್ತಕದ ಒಂದು ಪ್ರತಿ ಚಿಕ್ಕಮಗಳೂರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ.