ಸ್ನಾನದ ನಂತರದ ನಲವತ್ತು ನಿಮಿಷ: ಮಾತ್ರೆ, ಸೋಡಾ, ಪುಡಿ, ಬೆಳಕು

ಧಾರವಾಡದಲ್ಲಿ ನಳಕ್ಕೆ ನೀರು ಬಿಡುವ ದಿನವೆಂದರೆ ಮನೆಯವರಿಗೆಲ್ಲ ಸಂಭ್ರಮ. ನನಗೆ ಮಾತ್ರ ಅಂದು ಎದೆ ಡವಡವ. ಕೊಡ ತುಂಬಿಸುವಾಗ ಮೊಣಕೈವರೆಗೆ ತೊಯ್ದರೆ ಸಾಕು, ಐದು ನಿಮಿಷದೊಳಗೆ ತುರಿಕೆ ಶುರು. ಮೈತುಂಬ ಸ್ನಾನ ಮಾಡಿದರಂತೂ ತೊಡೆ, ಹೊಟ್ಟೆ, ತೋಳುಗಳಿಗೆ ಸೂಜಿಗಳನ್ನು ಮುಷ್ಟಿಯಲ್ಲಿ ಹಿಡಿದು ಚುಚ್ಚಿದಂತೆ. ನಲವತ್ತು ನಿಮಿಷ ಬಿಡುವುದಿಲ್ಲ. ಚರ್ಮದ ಮೇಲೆ ಒಂದು ಗಂದೆಯಿಲ್ಲ, ಗುಳ್ಳೆಯಿಲ್ಲ. ತೋರಿಸಲು ಏನೂ ಇಲ್ಲದ ರೋಗವನ್ನು ಯಾರು ನಂಬುತ್ತಾರೆ?

ನಂಬದವರೆಲ್ಲ ಕಾರಣ ಹೇಳಿದರು. ಓಣಿಯವರು ಕಾಂಗ್ರೆಸ್ ಕಸ ಎಂದರು, ಅತ್ತೆ ಪಿತ್ತ ಎಂದರು. ಒಬ್ಬ ವೈದ್ಯರು ಕಜ್ಜಿಯೆಂದು ತೀರ್ಮಾನಿಸಿ ಮನೆಯ ಐದೂ ಜನರಿಗೆ ರಾತ್ರಿಯಿಡೀ ಮುಲಾಮು ಹಚ್ಚಿಸಿದರು. ಅಂದು ನಾಲ್ವರು ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. ನಾನು ನೀರನ್ನೇ ಶಂಕಿಸಿದೆ. ಒಂದು ಭಾನುವಾರ ಎಡಗೈಯನ್ನು ಬೋರ್‌ವೆಲ್‌ನ ಗಡಸು ನೀರಿನಲ್ಲಿ, ಬಲಗೈಯನ್ನು ಮಲಪ್ರಭೆಯ ನಳದ ನೀರಿನಲ್ಲಿ ಅದ್ದಿ ಕುಳಿತೆ. ಎರಡೂ ಸಮಸಮ ತುರಿಸಿದವು. ಆಷಾಢದಲ್ಲಿ ಹಿಡಿದಿಟ್ಟ ಮಳೆನೀರಿನದೂ ಅದೇ ಕಥೆ. ಬಿಸಿಗೂ ತಣ್ಣೀರಿಗೂ ಭೇದವಿಲ್ಲ. ನೀರು ಶುದ್ಧೀಕರಿಸುವ ಯಂತ್ರಕ್ಕೆ ಹಣ ಹಾಕಲು ಹೊರಟವರು ಮೊದಲು ಈ ಎರಡು ಬಕೆಟ್‌ಗಳ ಪರೀಕ್ಷೆ ಮಾಡಲಿ.

ಕೊನೆಗೆ ಹುಬ್ಬಳ್ಳಿಯ ಚರ್ಮವೈದ್ಯರೊಬ್ಬರು ಹೆಸರು ಹೇಳಿದರು: ಅಕ್ವಾಜೆನಿಕ್ ಪ್ರುರೈಟಸ್. ನೀರು ತಗುಲಿದ ಮೇಲೆ ಗಂದೆ ಏಳುವುದು ಬೇರೆ ಕಾಯಿಲೆ, ಏನೂ ಏಳದೆ ಬರೀ ತುರಿಸುವುದು ಇದು. ಔಷಧ ಬರೆಯುವ ಮೊದಲು ಅವರು ರಕ್ತ ಪರೀಕ್ಷೆ ಮಾಡಿಸಿದರು. ಕೆಂಪು ರಕ್ತಕಣಗಳು ಅತಿಯಾಗಿ ಹೆಚ್ಚುವ ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆ ಕೆಲವರಲ್ಲಿ ಮೊದಲು ಸ್ನಾನದ ತುರಿಕೆಯಾಗಿಯೇ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ವರ್ಷಗಳ ಮುಂಚೆಯೇ. ಹಿಮೋಗ್ಲೋಬಿನ್ ಹೆಚ್ಚಿದ್ದರೆ ಜಾಕ್2 ಎಂಬ ಜೀನ್ ಪರೀಕ್ಷೆಗೂ ಹೋಗಬೇಕಾಗುತ್ತದೆ. ನನ್ನ ರಕ್ತ ಸರಿಯಿತ್ತು. ಆದರೂ ವರ್ಷಕ್ಕೊಮ್ಮೆ ಎಣಿಕೆ ಮಾಡಿಸುತ್ತೇನೆ. ಮುಂದೆ ಬರೆಯುವುದೆಲ್ಲ ಈ ಪರೀಕ್ಷೆಯ ನಂತರದ ಮಾತು.

ಮೊದಲ ಸರದಿ ಅಲರ್ಜಿಗೆ ಕೊಡುವ ಸೆಟಿರಿಜಿನ್ ಮಾತ್ರೆಯದು. ಆರು ವಾರ ನುಂಗಿದೆ. ತುರಿಕೆ ನಲವತ್ತರಿಂದ ಮೂವತ್ತು ನಿಮಿಷಕ್ಕೆ ಇಳಿಯಿತು; ನಿದ್ದೆ ಮಾತ್ರ ಧಾರಾಳವಾಗಿ ಬಂತು. ನವನಗರದಲ್ಲಿ ಇಳಿಯಬೇಕಾದವನು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ಕೊನೆಯ ನಿಲ್ದಾಣದವರೆಗೆ ತೂಗಾಡುತ್ತ ಹೋದ ದಿನ ಅದಕ್ಕೆ ಕೈಮುಗಿದೆ. ಆ ಮಾತ್ರೆ ತಡೆಯುವುದು ತುರಿಕೆ ಹುಟ್ಟಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು; ಈ ಕಾಯಿಲೆಯಲ್ಲಿ ಅದೊಂದೇ ಅಪರಾಧಿಯಲ್ಲವಂತೆ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಮಾತ್ರೆ ಕೆಲವರಿಗೆ ಹಿಡಿಯುತ್ತದೆ, ಆದರೆ ನನಗೆ ಆಸ್ತಮಾ ಇರುವುದರಿಂದ ವೈದ್ಯರೇ ಬೇಡವೆಂದರು.

ಎರಡನೆಯದು ಮಿರ್ಚಿ ಭಜಿಯ ಹಿಟ್ಟಿಗೆ ಹಾಕುವ ಅಡಿಗೆ ಸೋಡಾ. ಪುಸ್ತಕದ ಲೆಕ್ಕ ಸ್ನಾನದ ತೊಟ್ಟಿಗೆ. ನಮ್ಮ ಬಚ್ಚಲಿನಲ್ಲಿ ತೊಟ್ಟಿ ಎಲ್ಲಿಂದ ಬರಬೇಕು? ಬಕೆಟ್ಟಿಗೆ ಮೂರು ದೊಡ್ಡ ಚಮಚ ಹಾಕಿ ಕದಡಿ, ಸೋಪನ್ನು ಮೊದಲೇ ಮುಗಿಸಿ, ಕೊನೆಯ ಐದಾರು ತಂಬಿಗೆ ಈ ನೀರನ್ನು ಸುರಿದುಕೊಳ್ಳುವುದು, ಉಜ್ಜದೆ ಒತ್ತಿ ಒರೆಸುವುದು, ಕೊಬ್ಬರಿ ಎಣ್ಣೆ ತೆಳ್ಳಗೆ ಸವರುವುದು. ಮೊದಲ ವಾರ ಏನೂ ಆಗಲಿಲ್ಲ. ಮೂರನೆಯ ವಾರದಿಂದ ತುರಿಕೆ ಹದಿನೈದು ನಿಮಿಷಕ್ಕೆ ಬಂತು, ಅದೂ ತೊಡೆಗಳಲ್ಲಿ ಮಾತ್ರ. ಚಳಿಗಾಲದಲ್ಲಿ ಚರ್ಮ ಒಣಗಿ ಬಿರಿಯುತ್ತದೆ, ಆಗ ದಿನಬಿಟ್ಟು ದಿನ. ಒಮ್ಮೆ ಮನೆಯಲ್ಲಿ ಅಡಿಗೆ ಸೋಡಾ ತೀರಿತ್ತೆಂದು ಬಟ್ಟೆ ಸೋಡಾ ಹಾಕಿಕೊಂಡು ಮೈಯೆಲ್ಲ ಉರಿಸಿಕೊಂಡೆ. ಅದು ಬೇರೆಯೇ ವಸ್ತು, ಮುಟ್ಟಬೇಡಿ.

ಬೀಟಾ ಅಲನೈನ್ ಪುಡಿಯನ್ನು ತಿಳಿಸಿದವನು ವ್ಯಾಯಾಮಶಾಲೆಗೆ ಹೋಗುವ ನನ್ನ ಅಳಿಯ. ಅದೊಂದು ಅಮೈನೋ ಆಮ್ಲ. ಕಸರತ್ತು ಮಾಡುವವರು ಸ್ನಾಯುಗಳಿಗೆಂದು ಸೇವಿಸುತ್ತಾರೆ. ವೈದ್ಯರನ್ನು ಕೇಳಿ, ಸ್ನಾನಕ್ಕೆ ಮುಕ್ಕಾಲು ಗಂಟೆ ಮೊದಲು ಎರಡು ಗ್ರಾಂ ಕುಡಿದೆ. ತಮಾಷೆಯೆಂದರೆ ಈ ಪುಡಿಯೇ ಮುಖ, ಕಿವಿ, ಬೆರಳುಗಳಲ್ಲಿ ಇರುವೆ ಹರಿದಂತೆ ಜುಮುಗುಡಿಸುತ್ತದೆ. ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಬಿಟ್ಟಂತೆ. ಆದರೆ ಸ್ನಾನದ ನಂತರ ಮೈ ಸುಮ್ಮನಿತ್ತು! ಎಷ್ಟೋ ವರ್ಷಗಳ ಮೇಲೆ ಪಂಚೆ ಉಟ್ಟುಕೊಂಡು ನೆಟ್ಟಗೆ ಕುಳಿತು ಚಹಾ ಕುಡಿದೆ. ಹತ್ತು ಸಲದಲ್ಲಿ ಏಳು ಸಲ ಕೆಲಸ ಮಾಡಿತು. ಇದರ ಹಿಂದಿರುವುದು ದೊಡ್ಡ ಅಧ್ಯಯನಗಳಲ್ಲ, ಹೆಚ್ಚಾಗಿ ನನ್ನಂಥ ಒಬ್ಬಿಬ್ಬರ ಅನುಭವ. ಬೆಲೆಯೂ ಸೋಡಾದ ಹತ್ತಿರ ಸುಳಿಯುವುದಿಲ್ಲ.

ಬೆಳಕಿನ ಚಿಕಿತ್ಸೆ ಕೊನೆಯದು, ಮತ್ತು ಸುಳ್ಳೇಕೆ, ಎಲ್ಲಕ್ಕಿಂತ ಒಳ್ಳೆಯದು. ನ್ಯಾರೋಬ್ಯಾಂಡ್ ಯುವಿಬಿ, ಅಂದರೆ 311 ನ್ಯಾನೋಮೀಟರ್‌ನ ನೇರಳಾತೀತ ಕಿರಣ. ಕಪ್ಪು ಕನ್ನಡಕ ಹಾಕಿಕೊಂಡು ಕೊಳವೆ ದೀಪಗಳ ಪೆಟ್ಟಿಗೆಯೊಳಗೆ ನಿಲ್ಲಬೇಕು, ವಾರಕ್ಕೆ ಮೂರು ಸಲ. ಹನ್ನೆರಡನೆಯ ಸಲದ ಹೊತ್ತಿಗೆ ತುರಿಕೆ ಹೆಚ್ಚುಕಡಿಮೆ ಮಾಯವಾಯಿತು. ಸೋಡಾ, ಪುಡಿ ಎರಡನ್ನೂ ಬಿಟ್ಟೆ. ಆದರೆ ಪೆಟ್ಟಿಗೆಯೊಳಗೆ ಎರಡು ನಿಮಿಷ, ಅದಕ್ಕಾಗಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರಲು, ಸರದಿ ಕಾಯಲು ಮೂರು ಗಂಟೆ. ಕಚೇರಿಯಲ್ಲಿ ರಜೆಯ ಲೆಕ್ಕ ನನ್ನ ಕತ್ತಿಗೆ ಬಂತು. ಇಪ್ಪತ್ತನಾಲ್ಕಕ್ಕೆ ನಿಲ್ಲಿಸಿದೆ. ಎರಡೂವರೆ ತಿಂಗಳು ಸುಖ. ಆಮೇಲೆ ಒಂದು ಬೆಳಗ್ಗೆ ಎಡಮೊಣಕೈಯಿಂದ ಮತ್ತೆ ಶುರುವಾಯಿತು. ಹುಬ್ಬಳ್ಳಿಯಲ್ಲೇ ಮನೆಯಿದ್ದರೆ ನಾನು ಬೇರೇನನ್ನೂ ಹುಡುಕುತ್ತಿರಲಿಲ್ಲ.

ಈಗ ದಿನನಿತ್ಯಕ್ಕೆ ಸೋಡಾ. ಮದುವೆ, ಪ್ರಯಾಣ, ಬೆಳಗಿನ ಸಭೆಗಳಿಗೆ ಪುಡಿ. ಮಳೆಗೆ ಮಾತ್ರ ಮುಕ್ಕಾಲು ಗಂಟೆ ಮೊದಲು ತಿಳಿಸಿ ಬರುವ ಅಭ್ಯಾಸವಿಲ್ಲ: ಹೋದ ತಿಂಗಳು ಜುಬಿಲಿ ವೃತ್ತದಲ್ಲಿ ತೊಯ್ದು, ಅಂಗಡಿಯೊಂದರ ಕಂಬಕ್ಕೆ ಬೆನ್ನು ಉಜ್ಜುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಎಮ್ಮೆಯೂ ಅದನ್ನೇ ಮಾಡುತ್ತಿತ್ತು. ನಕ್ಕ ಅಂಗಡಿಯವನು ಒಣ ಟವೆಲ್ ಕೊಟ್ಟದ್ದು ನನಗೆ.

ದೀಪಾವಳಿಯ ನೀರು ತುಂಬುವ ಹಬ್ಬ ಹತ್ತಿರ ಬಂದಿದೆ. ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು ಬಳ್ಳಿ ಸುತ್ತುವ ಹೆಂಡತಿ, ಈ ಸಲ ಪಕ್ಕದಲ್ಲಿ ಸೋಡಾದ ಡಬ್ಬಿಯನ್ನೂ ಇಡುತ್ತೇನೆಂದಿದ್ದಾಳೆ.