ಕೇರಂ ಬೋರ್ಡಿಗೆ ಬೋರಿಕ್ ಪೌಡರೇ ಸರಿ

ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ ಕೇರಂ ಆಡುವವರು ಇನ್ನೂ ಇದ್ದಾರೆ. ಬೇಡ. ಅದು ಬೆರಳ ಬೆವರಿಗೆ ಮೆತ್ತಿಕೊಂಡು ಬೋರ್ಡಿನ ಮೇಲೆ ಅಲ್ಲಲ್ಲಿ ಪದರಗಟ್ಟುತ್ತದೆ. ಕಾಯಿ ಒಂದು ಕಡೆ ಓಡಿ ಇನ್ನೊಂದು ಕಡೆ ತಡೆಯುತ್ತದೆ.

ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ಬೋರಿಕ್ ಆಸಿಡ್ ಪೌಡರಿನ ಗುಣವೇ ಬೇರೆ. ಅದರ ಹರಳು ಪದರ ಪದರವಾಗಿರುತ್ತದೆ, ಪದರಗಳ ನಡುವಿನ ಹಿಡಿತ ಸಡಿಲ. ಹಾಗಾಗಿ ಮರಕ್ಕೆ ಮರ ಉಜ್ಜುವ ಬದಲು ಪದರದ ಮೇಲೆ ಪದರ ಜಾರುತ್ತದೆ. ಐದು ಗ್ರಾಂ ಚಿಲ್ಲರೆ ತೂಗುವ ಕಾಯಿಗೆ ಇಷ್ಟು ಸಾಕು, ಮೆಲ್ಲಗೆ ತಾಗಿಸಿದರೂ ತೂತಿನವರೆಗೆ ಹೋಗುತ್ತದೆ.

ಒಂದೆರಡು ಚಿಟಿಕೆ ತೆಳು ಬಟ್ಟೆಯಲ್ಲಿ ಕಟ್ಟಿ, ಬೋರ್ಡಿನ ನಡುವೆ ತಟ್ಟಿ, ಅಂಚಿನವರೆಗೂ ಸವರಿ. ಹೆಚ್ಚಾದರೆ ಕಾಯಿಯ ಮುಂದೆ ಪುಡಿ ಗುಡ್ಡೆಯಾಗಿ ತೆಳುವಾದ ಕಟ್ (ಕಾಯಿಯ ಅಂಚಿಗಷ್ಟೇ ತಾಗಿಸುವ ಹೊಡೆತ) ದಿಕ್ಕು ತಪ್ಪುತ್ತದೆ. ಮಳೆಗಾಲದಲ್ಲಿ ಪ್ಲೈವುಡ್ ತೇವ ಎಳೆದುಕೊಂಡರೆ ಯಾವ ಪೌಡರೂ ಸೋಲುತ್ತದೆ. ಬೋರ್ಡಿನ ಮೇಲೆ ಹಳೇ ಕಾಲದ ಬಿಸಿ ಬಲ್ಬ್ ತೂಗುಹಾಕುವುದು ಬರೀ ಬೆಳಕಿಗಲ್ಲ, ತೇವ ಆರಲಿ ಎಂದೂ. ಒರೆಸಲು ಒಣ ಬಟ್ಟೆಯೇ ಇರಲಿ.

ಕೊರತೆಯೆಂದರೆ ಧೂಳು. ಬಾಯಿಂದ ಊದಬೇಡಿ, ಚಿಕ್ಕ ಮಕ್ಕಳ ಕೈಗೆ ಪೊಟ್ಟಣ ಕೊಡಬೇಡಿ, ಅದೇ ಕೈಯಲ್ಲಿ ಚುರುಮುರಿಗಂತೂ ಕೈ ಹಾಕಬೇಡಿ.